ಅಶರೀರವಾಣಿಯ ಸಾವಿನ ಪಟ್ಟಿ

ಸೋಫಾ, ಕುರ್ಚಿಗಳ ಹಳೇ ಬಟ್ಟೆ ಕಿತ್ತು ಹೊಸದು ಹೊದಿಸುವ ಕಸುಬಿನಲ್ಲಿ ಅವನನ್ನು ಮೀರಿಸುವವರು ಊರಲ್ಲಿ ಯಾರೂ ಇರಲಿಲ್ಲ. ಮಾತು ತಪ್ಪುವುದರಲ್ಲೂ ಅಷ್ಟೇ. ಗಿರಾಕಿಗಳು ಎದುರಿಗೆ ಸರ್ ಅನ್ನುತ್ತಿದ್ದರು, ಬೆನ್ನ ಹಿಂದೆ ನಾಳೆಪ್ಪ ಅನ್ನುತ್ತಿದ್ದರು. ಯಾವ ಕುರ್ಚಿ ಕೊಟ್ಟರೂ, ಯಾವತ್ತು ಕೇಳಿದರೂ, "ನಾಳೆ ಆಗತ್ತೆ" ಎಂಬುದೊಂದೇ ಉತ್ತರ. ಮಗುವಿಗೆಂದು ಕೊಟ್ಟ ಪುಟ್ಟ ಕುರ್ಚಿ ವಾಪಸು ಬರುವಷ್ಟರಲ್ಲಿ ಆ ಮಗುವಿಗೆ ಮೀಸೆ ಬಂದಿತ್ತೆಂದು ಬೀದಿಯವರು ಹೇಳುತ್ತಿದ್ದರು. ಅದು ಸುಳ್ಳು. ಚಿಗುರು ಮೀಸೆ ಅಷ್ಟೇ.

ಹಾಗಂತ ಅವನೇನು ಸೋಮಾರಿಯಲ್ಲ. ಬೆಳಗ್ಗೆ ಎಂಟಕ್ಕೆ ಬಾಯಿಗೆ ಒಂದು ಹಿಡಿ ಸಣ್ಣ ಮೊಳೆ ತುಂಬಿಕೊಂಡು ಕೂತರೆ ಊಟದ ಹೊತ್ತಿನ ತನಕ ಏಳುವವನಲ್ಲ. ನಾಲಗೆಯಿಂದ ಒಂದೊಂದೇ ಮೊಳೆಯನ್ನು ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಯ ಮೂತಿಗೆ ಅಂಟಿಸಿ, ಬಟ್ಟೆಯ ಅಂಚಿಗೆ ಠಕ್ಕೆಂದು ಹೊಡೆಯುವುದು ಆ ಕಸುಬಿನ ಕ್ರಮ. ಅಷ್ಟು ಹೊತ್ತೂ ಮಾತಿಲ್ಲ, ಕತೆಯಿಲ್ಲ. ಅವನ ರೋಗ ಬೇರೆ. ಹೊಲಿಗೆ ಒಂದೆಳೆ ಓರೆಯಾದರೂ ಇಡೀ ಬೆನ್ನು ಬಿಚ್ಚಿ ಮೊದಲಿಂದ ಹೊಲಿಯುತ್ತಿದ್ದ. ಗಿರಾಕಿಗೆ ಆ ಓರೆ ಕಾಣಬೇಕಾದರೆ ಭೂತಗನ್ನಡಿ ಹಿಡಿದು ಸೋಫಾದ ಕೆಳಗೆ ಮಲಗಬೇಕಿತ್ತು. ಹಾಗೆಂದು ಯಾರಾದರೂ ಹೇಳಿದರೆ, "ನನಗೆ ಕಾಣತ್ತಲ್ಲ" ಅನ್ನುತ್ತಿದ್ದ.

ಸರಿಯಪ್ಪಾ, ಅದನ್ನೇ ಗಿರಾಕಿಗೂ ಹೇಳಬಹುದಲ್ಲ? ಊಹುಂ. "ಹೊಲಿಗೆ ಓರೆಯಾಯಿತು, ಇನ್ನೊಂದು ವಾರ ಬೇಕು" ಎಂಬ ಐದಾರು ಪದ ಅವನ ನಾಲಗೆಯ ಮೇಲೆ ಹೊರಳುತ್ತಲೇ ಇರಲಿಲ್ಲ. ಅಷ್ಟು ದೊಡ್ಡ ಆಳು, ಗಿರಾಕಿಯ ದನಿ ಕೇಳಿದರೆ ಪಾಠ ಒಪ್ಪಿಸಲು ಬಾರದ ಹುಡುಗನ ಹಾಗಾಗುತ್ತಿದ್ದ. ಆ ಗಾಬರಿಯಲ್ಲಿ ಅವನು ಮಾಡುತ್ತಿದ್ದ ಕೆಲಸ ಒಂದೇ, ನೆಂಟರನ್ನು ಸಾಯಿಸುವುದು. ಸಾವಿನ ಮನೆಯವನ ಹತ್ತಿರ ಯಾರೂ ಸೋಫಾ ಕೇಳುವುದಿಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ, ಸಾಯುವವನು ಸೋದರಮಾವ ಒಬ್ಬನೇ.

ಈ ಸುದ್ದಿಗಳನ್ನು ಫೋನಿನಲ್ಲಿ ಮುಟ್ಟಿಸುವ ಕೆಲಸ ಒಂಬತ್ತು ವರ್ಷ ಹೆಂಡತಿಯ ಪಾಲಿಗಿತ್ತು. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಅತ್ತೆಯ ಗಂಡ, ಎಲ್ಲರನ್ನೂ ಅವಳು ಗದ್ಗದ ದನಿಯಲ್ಲಿ ಕಳಿಸಿಕೊಟ್ಟಳು. ಒಂದು ದಿನ ಅವನು ಅವಳ ಚಿಕ್ಕಮ್ಮನ ಹೆಸರೆತ್ತಿದ. ಅವಳು ಫೋನನ್ನು ಮೇಜಿನ ಮೇಲೆ ಕುಕ್ಕಿದಳು.

"ನಿಮ್ಮ ಕಡೆಯವರು ಮುಗಿದ್ರು ಅಂತ ಈಗ ನಮ್ಮ ಕಡೆಗೆ ಬಂದ್ರಾ? ನನ್ನ ನಾಲಗೆ ಬಾಡಿಗೆಗಿಲ್ಲ ಮಹರಾಯ."

ಮಾರನೆಯ ವಾರವೇ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಜನ ಬಾಯಿ ಬಿಟ್ಟರೆ ಹಲ್ಲಾದರೂ ಕಾಣುತ್ತದೆ ಎಂಬುದು ಅವಳ ವಾದ. ಆಮೇಲೆ ಕಾರ್ಖಾನೆಯ ಫೋನು ತನ್ನಷ್ಟಕ್ಕೆ ತಾನು ಹೊಡೆದುಕೊಂಡು ಸುಮ್ಮನಾಗತೊಡಗಿತು. ನಾಳೆಪ್ಪನ ಬಾಯಲ್ಲಿ ಮೊಳೆ, ಯಂತ್ರದಲ್ಲಿ ಬಟ್ಟೆ ಹೊಲಿದುಕೊಡುವ ಹೊಲಿಗೆಯಜ್ಜನಿಗೆ ಕಿವಿ ಮಂದ, ಇನ್ನುಳಿದವಳು ಅವನ ಅಮ್ಮ. ಎಪ್ಪತ್ತೊಂಬತ್ತರ ಆ ಮುದುಕಿ ಬಾಗಿಲ ಹತ್ತಿರ ಮೋಟು ಸ್ಟೂಲಿನ ಮೇಲೆ ಕೂತು, ಹಳೇ ಕುರ್ಚಿಗಳ ಮೊಳೆ ಕೀಳುತ್ತಿದ್ದಳು. ಫೋನೆತ್ತಿ ಗಿರಾಕಿಗೆ ನಿಜ ಹೇಳಿಬಿಡುತ್ತಾಳೆಂಬ ಭಯದಿಂದ ಅವಳ ಕೈಗೆ ಫೋನು ಎಟುಕದ ಹಾಗೆ ನೋಡಿಕೊಂಡಿದ್ದರು. ಗಿರಾಕಿಗಳು ಒಬ್ಬೊಬ್ಬರೇ ಕಳಚಿಕೊಂಡರು.

ಈ ಹೊತ್ತಿಗೆ ಸರಿಯಾಗಿ ಹೆಂಡತಿಯ ತಮ್ಮ ಬಂದ. ಅವನಿಗೆ ರೆಡಿಮೇಡ್ ಸೋಫಾಗಳ ದೊಡ್ಡ ಶೋರೂಮು. "ಭಾವ, ಈ ಮೊಳೆ ಉಗುಳೋ ಕೆಲಸ ಬಿಟ್ಟಾಕಿ. ನಮ್ಮಲ್ಲಿ ಎಸಿ ಇದೆ, ಟೈ ಕೊಡ್ತೀನಿ, ಗಿರಾಕಿಗೆ ನಗುನಗ್ತಾ ಬನ್ನಿ ಅಂದ್ರೆ ಆಯ್ತು" ಎಂದ. ಆ ಶೋರೂಮಿನ ಸೋಫಾಗಳ ಹೊಟ್ಟೆಯೊಳಗೆ ಇರುವುದು ರಟ್ಟು ಎಂಬುದನ್ನು ನಾಳೆಪ್ಪ ಕೈ ಹಾಕಿ ನೋಡಿದವನು. ಆ ರಟ್ಟನ್ನು ನಗುನಗುತ್ತಾ ಮಾರುವ ಯೋಚನೆಗೇ ಅವನಿಗೆ ಎರಡು ದಿನ ಅನ್ನ ಸೇರಲಿಲ್ಲ.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ಊರಿನ ಹಳೇ ನಾಟಕದ ಥಿಯೇಟರಿನ ಇನ್ನೂರ ಹನ್ನೆರಡು ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಕೆಲಸ ಅವನನ್ನು ಹುಡುಕಿಕೊಂಡು ಬಂತು. ಅದೊಂದು ಕೈಗೆ ಹತ್ತಿದರೆ ಕಾರ್ಖಾನೆ ಉಳಿಯಿತು, ಇಲ್ಲದಿದ್ದರೆ ಬಾಗಿಲಿಗೆ ಬೀಗ, ಕೊರಳಿಗೆ ಟೈ. ಥಿಯೇಟರಿನ ಮ್ಯಾನೇಜರು ಐವತ್ತು ದಾಟಿದ, ಹೆಚ್ಚು ಮಾತಿಲ್ಲದ ಮನುಷ್ಯ. ತನ್ನ ಕಚೇರಿಗೆ ಕರೆಸಿ ಎರಡೇ ಮಾತು ಹೇಳಿದ.

"ಮೂರು ದಿನ ಫೋನ್ ಮಾಡಿದೆ, ಒಂದಕ್ಕೂ ಉತ್ತರ ಇಲ್ಲ. ಪತ್ರ, ಫೋನು ನೋಡ್ಕೊಳ್ಳೋಕೆ ಒಬ್ರು ಇರ್ಲೇಬೇಕು. ಇನ್ನೊಂದು, ಕೆಲಸ ತಡ ಆದ್ರೆ ತಡ ಅನ್ನಿ. ಬೈತೀನಿ, ಆದ್ರೆ ಕಾಯ್ತೀನಿ. ಸುಳ್ಳು ಹೇಳಿದ್ರೋ, ಅವತ್ತೇ ಕುರ್ಚಿ ವಾಪಸ್."

"ಸುಳ್ಳಾ? ನಾನಾ?" ಎಂದ ನಾಳೆಪ್ಪ. ಅದೇ ಮೊದಲನೆಯದು.

ಕಾರ್ಖಾನೆಯಲ್ಲಿ ಇನ್ನೊಂದು ಮೇಜು ಹಾಕಲು ಜಾಗವಿರಲಿಲ್ಲ. ಕುರ್ಚಿಗಳ ಮೇಲೆ ಕುರ್ಚಿ ಪೇರಿಸಿ, ಮಧ್ಯದ ಓಣಿಯಲ್ಲಿ ಅಡ್ಡಡ್ಡ ನಡೆಯಬೇಕಿತ್ತು. ಹೆಂಡತಿಯೇ ದಾರಿ ತೋರಿಸಿದಳು. ಎಲ್ಲೋ ದೂರದಲ್ಲಿ ತಮ್ಮ ಮನೆಯಲ್ಲೇ ಕೂತು, ಫೋನು ಕಂಪ್ಯೂಟರಿನಲ್ಲೇ ಇಲ್ಲಿಯ ಕಚೇರಿ ನೋಡಿಕೊಳ್ಳುವವರು ಸಿಗುತ್ತಾರಂತೆ. ವರ್ಚುವಲ್ ಅಸಿಸ್ಟೆಂಟ್ ಅಂತ ಹೆಸರು.

"ಬರೋದೇ ಇಲ್ವಾ ಕೆಲಸಕ್ಕೆ?" ಎಂದು ಅಮ್ಮ ಕೇಳಿದಳು.

"ಇಲ್ಲಮ್ಮ. ಅಲ್ಲಿಂದಲೇ."

"ಬರ್ದೇ ಇರೋರಿಗೆ ಸಂಬಳ! ಹಂಗಾದ್ರೆ ಊರಲ್ಲಿ ಬರ್ದೇ ಇರೋರು ಎಷ್ಟೋ ಜನ ಇದ್ದಾರೆ, ಎಲ್ರಿಗೂ ಕೊಡು."

ಮೂವರ ಸಂದರ್ಶನವಾಯಿತು. ಮೊದಲನೆಯವನು ವೀಡಿಯೋದಲ್ಲಿ ಬಂದು, "ನಿಮ್ಮ ಸಂಸ್ಥೆಯ ದೂರದೃಷ್ಟಿ ಏನು ಸರ್?" ಎಂದು ಕೇಳಿದ. ನಾಳೆಪ್ಪ ಜೇಬಿನಿಂದ ಕನ್ನಡಕ ತೆಗೆದು ತೋರಿಸಿದ. ಎರಡನೆಯವಳು ಶುರುವಿನಿಂದ ಕೊನೆತನಕ ನೂರಕ್ಕೆ ಇಷ್ಟು, ನೂರಕ್ಕೆ ಅಷ್ಟು ಎಂದೇ ಮಾತಾಡಿದಳು. ಮೂರನೆಯವಳ ಮುಖ ಬರಲಿಲ್ಲ, ಕ್ಯಾಮೆರಾ ಕೆಟ್ಟಿದೆ ಎಂದಳು, ದನಿ ಮಾತ್ರ ಬಂತು. ತಣ್ಣಗಿನ, ಇಸ್ತ್ರಿ ಮಾಡಿದಂಥ ದನಿ.

"ಸರ್, ನಿಮಗೆ ಬರೋ ಫೋನುಗಳಲ್ಲಿ ಬೈಯೋವು ಎಷ್ಟು?"

ನಾಳೆಪ್ಪ ಹೊಲಿಗೆಯಜ್ಜನ ಮುಖ ನೋಡಿದ. ಅಜ್ಜನಿಗೆ ಇದು ಮಾತ್ರ ಹೇಗೋ ಕೇಳಿಸಿತು. "ಹೊಗಳೋವು ಎಷ್ಟು ಅಂತ ಕೇಳಮ್ಮ, ಬೇಗ ಮುಗಿಯತ್ತೆ" ಎಂದ.

"ಹಾಗಾದ್ರೆ ದಿನಕ್ಕೆ ಮೂರು ಗಂಟೆ ಸಾಕಾಗಲ್ಲ, ನಾಲ್ಕು ಬೇಕು" ಎಂದಿತು ದನಿ. ಅವಳನ್ನೇ ಕೆಲಸಕ್ಕೆ ಗೊತ್ತುಮಾಡಿಕೊಂಡ. ಮುಖವಿಲ್ಲದೆ ಮೇಲಿಂದ ಮಾತು ಬರುವುದರಿಂದ ಹೊಲಿಗೆಯಜ್ಜ ಅವಳಿಗೆ ಅಶರೀರವಾಣಿ ಎಂದು ಹೆಸರಿಟ್ಟ.

ಹೇಳುವುದನ್ನು ಹೇಳಬೇಕು, ಅವಳು ಬಂದ ಎರಡೇ ವಾರದಲ್ಲಿ ಕಾರ್ಖಾನೆಗೆ ಮಾನ ಬಂತು. ಯಾವ ಕುರ್ಚಿ ಯಾರದು ಎಂದು ಒಂದೊಂದರ ಫೋಟೋ ತರಿಸಿಕೊಂಡು ಸಂಖ್ಯೆ ಕೊಟ್ಟಳು. ಎಂಟು ವರ್ಷದಿಂದ ಮೂಲೆಯಲ್ಲಿ ಅಜ್ಜ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದ ಒರಗುಕುರ್ಚಿ ನಿಜಕ್ಕೂ ಒಬ್ಬ ವಕೀಲರದ್ದೆಂದು ಪತ್ತೆಹಚ್ಚಿದಳು. ಫೋನು ಎರಡನೇ ಸಲ ಹೊಡೆದುಕೊಳ್ಳುವುದರೊಳಗೆ ಎತ್ತುತ್ತಿದ್ದಳು. ಬೈಯಲೆಂದೇ ಫೋನ್ ಮಾಡಿದವರು ಅವಳ ದನಿ ಕೇಳಿ, ಬೈಯಬೇಕಾದದ್ದನ್ನು ಮರೆತು, ಮನೆಯಲ್ಲಿರುವ ಇನ್ನೊಂದು ಸೋಫಾವನ್ನೂ ಕೊಡುತ್ತೇವೆ ಎನ್ನತೊಡಗಿದರು.

ಅವಳು ಪ್ರತಿಯೊಂದಕ್ಕೂ ಅನುಮತಿ ಕೇಳುತ್ತಿದ್ದಳು, ಅದೂ ಉದ್ದುದ್ದ ಸಂದೇಶಗಳಲ್ಲಿ. ನಾಳೆಪ್ಪನಿಗೆ ಅಷ್ಟನ್ನು ಓದುವ ವ್ಯವಧಾನ ಎಲ್ಲಿಯದು? ಬಾಯ್ತುಂಬ ಮೊಳೆ, ಕೈತುಂಬ ಅಂಟು. ಫೋನು ಮಿಣುಕಿದಾಗಲೆಲ್ಲ ಅಂಟಿಲ್ಲದ ಒಂದೇ ಬೆರಳಿನಿಂದ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸುತ್ತಿದ್ದ. ಸರಿ ಎಂದರ್ಥ. ಅವಳು ಏನು ಕೇಳಿದರೂ ಹೆಬ್ಬೆರಳು. ದೊಡ್ಡ ದೊಡ್ಡ ಸಾಹೇಬರು ಓದದೆ ಸಹಿ ಹಾಕುವ ಹಾಗೆ ತಾನೂ ಆದೆನೆಂದು ಒಳಗೊಳಗೇ ಹಿಗ್ಗು ಬೇರೆ.

ಒಂದು ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ಊಟದ ಹೊತ್ತು, ಅವನ ಬಾಯಿ ಖಾಲಿಯಿತ್ತು.

"ಸರ್, ಹಳೇ ಸಂದೇಶಗಳನ್ನೆಲ್ಲ ಓದಿದೆ. ನಿಮ್ಮ ಸೋದರಮಾವ ನಾಲ್ಕು ವರ್ಷದಲ್ಲಿ ಐದು ಸಲ ತೀರ್ಕೊಂಡಿದ್ದಾರೆ."

ನಾಳೆಪ್ಪನಿಗೆ ತುತ್ತು ನೆತ್ತಿಗೆ ಹತ್ತಿತು.

"ಅದರಲ್ಲಿ ಎರಡು ಸಲ ಒಬ್ಬರೇ ಗಿರಾಕಿಗೆ."

"ಅಯ್ಯೋ! ಅವರೇನಂದ್ರು?"

"ಎರಡನೇ ಸಲವೂ ಸಂತಾಪ ಹೇಳಿದ್ದಾರೆ ಸರ್. ಮೊದಲಿನಷ್ಟು ಉದ್ದ ಬರೆದಿಲ್ಲ, ಅಷ್ಟೇ."

ಅವಳು ಬೈಯುತ್ತಾಳೆ, ಕೆಲಸ ಬಿಡುತ್ತಾಳೆ ಎಂದು ಅವನು ಕಾದ. ಅವಳು ಬೈಯಲಿಲ್ಲ. ಸರಿ ತಪ್ಪು ನೋಡುವುದು ತನ್ನ ಕೆಲಸವಲ್ಲ, ಒಂದಾದದ್ದು ಎರಡಾಗದ ಹಾಗೆ ನೋಡುವುದು ತನ್ನ ಕೆಲಸ ಎಂದಳು. ಸಂಜೆಯೊಳಗೆ ಒಂದು ಪಟ್ಟಿ ಕಳಿಸಿದಳು. ಯಾರು ಸತ್ತರು, ಯಾವ ದಿನ, ಯಾವ ಕಾಯಿಲೆ, ಯಾವ ಗಿರಾಕಿಗೆ ಹೇಳಿದ್ದು, ಎಲ್ಲಕ್ಕೂ ಒಂದೊಂದು ಮನೆ. ಒಮ್ಮೆ ಸತ್ತವರನ್ನು ಇನ್ನೊಬ್ಬ ಗಿರಾಕಿಗೂ ಸಾಯಿಸುವ ಹಾಗಿಲ್ಲ. ನಾಳೆಪ್ಪನಿಗೆ ಕಣ್ಣಲ್ಲಿ ನೀರೇ ಬಂತು. ಇಷ್ಟು ವರ್ಷ ಈ ಕುಟುಂಬ ಹೀಗೆ ಅಡ್ಡಾದಿಡ್ಡಿ ಸಾಯುತ್ತಿತ್ತಲ್ಲ, ಅದಕ್ಕೊಂದು ಶಿಸ್ತು ಬಂತಲ್ಲ ಎಂದು ಹೊಲಿಗೆಯಜ್ಜನಿಗೆ ತೋರಿಸಿ ಸಂತೋಷಪಟ್ಟ.

ಅವನು ಅವಳಿಗೆ ಒಂದು ಮಾತು ಮಾತ್ರ ಹೇಳಲಿಲ್ಲ, ಥಿಯೇಟರಿನವರ ಷರತ್ತು. ಥಿಯೇಟರಿನ ವಿಷಯದಲ್ಲಿ ಸುಳ್ಳು ಹೇಳಬೇಡ ಎಂದು ಅವಳಿಗೆ ಹೇಳಿದರೆ, ಮಿಕ್ಕವರಿಗೆಲ್ಲ ಸುಳ್ಳು ಹೇಳುತ್ತೇನೆಂದು ತಾನೇ ಒಪ್ಪಿಕೊಂಡ ಹಾಗಲ್ಲವೇ? ಮಾನವಂತ ನೋಡಿ.

ಥಿಯೇಟರಿನ ಮೊದಲ ಇಪ್ಪತ್ತು ಕುರ್ಚಿ ಸೋಮವಾರ ಕೊಡಬೇಕಿತ್ತು. ಶನಿವಾರದ ಹೊತ್ತಿಗೆ ಹದಿನಾಲ್ಕು ಆಗಿದ್ದವು. ಅಂದರೆ, ಎಲ್ಲರ ಕಣ್ಣಿಗೆ ಆಗಿದ್ದವು. ಅವನ ಕಣ್ಣಿಗೆ ಅವುಗಳಲ್ಲಿ ಏಳರ ಬೆನ್ನಿನ ತಿರುವು ಸರಿಯಿರಲಿಲ್ಲ. ಅಜ್ಜ ಬೇಡವೆಂದ, ಅಮ್ಮ ಸ್ಟೂಲಿನಿಂದಲೇ ಕೈ ಮುಗಿದಳು. ಏಳನ್ನೂ ಬಿಚ್ಚಿದ. ಮ್ಯಾನೇಜರಿಗೆ ತಾನೇ ಫೋನ್ ಮಾಡಿ ತಡವಾಗುತ್ತದೆ ಎಂದು ಹೇಳಿಬಿಡಬೇಕೆಂದು ಬೆಳಗ್ಗೆ ನಿರ್ಧರಿಸಿದ, ಹತ್ತಕ್ಕೆ ಅಂದುಕೊಂಡ, ಹನ್ನೆರಡಕ್ಕೆ ಅಂದುಕೊಂಡ. ಮೂರು ಗಂಟೆಗೆ ಫೋನು ಮಿಣುಕಿತು. ಅಶರೀರವಾಣಿಯ ಉದ್ದನೆಯ ಸಂದೇಶ. ಬಾಯಲ್ಲಿ ಮೂವತ್ತು ಮೊಳೆ, ಮಡಿಲಲ್ಲಿ ಬಿಚ್ಚಿದ ಬೆನ್ನು. ಹೆಬ್ಬೆರಳು ಒತ್ತಿದ.

ಅದರಲ್ಲಿ ಹೀಗಿತ್ತು: "ಫೋಟೋ ಪ್ರಕಾರ ಏಳೇ ಕುರ್ಚಿ ಆಗಿವೆ. ಥಿಯೇಟರಿನವರಿಗೆ ಸೋಮವಾರ ಕೊಡಲಾಗದು ಎಂದು ಬರೆಯಬೇಕಿದೆ. ಎಂದಿನ ಕಾರಣವೇ ಎಂದು ಭಾವಿಸುತ್ತೇನೆ. ಪಟ್ಟಿಯಲ್ಲಿ ಎಲ್ಲರೂ ಆಗಿದ್ದಾರೆ. ಉಳಿದವರು ತಾಯಿಯವರು ಒಬ್ಬರೇ. ನಾಳೆ ಭಾನುವಾರ, ನಿದ್ದೆಯಲ್ಲಿ, ಎಂದು ತಿಳಿಸಬಹುದೇ?"

ಸೋಮವಾರ ಹನ್ನೊಂದು ಗಂಟೆಗೆ ಥಿಯೇಟರಿನ ಮ್ಯಾನೇಜರು ಬಿಳಿ ಹೂವಿನ ದೊಡ್ಡ ಗುಚ್ಛ ಹಿಡಿದು ಕಾರ್ಖಾನೆಯ ಬಾಗಿಲಿಗೆ ಬಂದ. ಅಲ್ಲಿಗೆ ಅವನು ಹಿಂದೆ ಬಂದವನಲ್ಲ. ಎದುರಿಗೆ ಸ್ಟೂಲಿನ ಮೇಲೆ ಮೊಳೆ ಕೀಳುತ್ತಿದ್ದ ಮುದುಕಿಯನ್ನು ನೋಡಿ ದನಿ ತಗ್ಗಿಸಿದ.

"ಮಾಲೀಕರು ಮನೇಲಿರಬಹುದು ಅಂದ್ಕೊಂಡೆ, ವಿಳಾಸ ಗೊತ್ತಿರ್ಲಿಲ್ಲ. ಅವರ ತಾಯಿ ತೀರ್ಕೊಂಡ್ರು ಅಂತ ತಿಳೀತು."

ಮಾಲೀಕ ಐದು ಮಾರು ದೂರದಲ್ಲಿ, ತಲೆಕೆಳಗು ಮಾಡಿದ ಸೋಫಾದ ಹಿಂದೆ ನೆಲದ ಮೇಲಿದ್ದ. ಎದ್ದು ಕೂಗೋಣವೆಂದರೆ ಬಾಯ್ತುಂಬ ಮೊಳೆ, ಉಸಿರೆಳೆದರೆ ಎರಡಾದರೂ ಗಂಟಲಿಗೆ ಇಳಿಯುವುದು ಖಂಡಿತ. ಕಣ್ಣು ಮಾತ್ರ ಬಿಟ್ಟ.

ಅಮ್ಮ ಇಕ್ಕಳ ಕೆಳಗಿಟ್ಟಳು. "ಹೌದಾ? ಯಾವಾಗ?"

"ನಿನ್ನೆಯಂತೆ. ನಿದ್ದೇಲಿ."

"ನಿದ್ದೇಲಾ? ಪುಣ್ಯವಂತೆ ಬಿಡಿ" ಎಂದಳು ಅಮ್ಮ. ಹೆತ್ತವಳಿಗೆ ಮಗನ ಬುದ್ಧಿ ಹೇಳಿಕೊಡಬೇಕೇ? ಸೋಫಾದ ಕಡೆ ಒಂದು ಸಲ ಕಣ್ಣು ಹಾಯಿಸಿದಳು, ಹೂವಿನ ಕಡೆ ಒಂದು ಸಲ, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೀವು ಅವರಿಗೆ ಏನಾಗ್ಬೇಕು?"

"ನಾನು ಅವಳ ತಂಗಿ. ಅಂಥ ಹೆಂಗಸು ಇನ್ನೊಬ್ಬಳು ಹುಟ್ಟಬೇಕು ನೋಡಿ. ಕೆಲಸದಲ್ಲಿ ಚುರುಕು, ನೋಡೋಕೂ ಲಕ್ಷಣ. ಸೊಸೆಗೆ ಒಂದು ದಿನ ಒಂದು ಮಾತು ಅಂದವಳಲ್ಲ."

ಹೊಲಿಗೆಯಜ್ಜನಿಗೆ ಕೆಮ್ಮು ಹತ್ತಿತು. ಅವನು ಯಂತ್ರದ ಕೆಳಗೆ ಬಗ್ಗಿ, ಬೀಳದೇ ಇದ್ದ ಸೂಜಿಯನ್ನು ಹುಡುಕತೊಡಗಿದ.

ಮ್ಯಾನೇಜರು ಸಿದ್ಧವಾಗಿದ್ದ ತನ್ನದೇ ಒಂದು ಥಿಯೇಟರ್ ಕುರ್ಚಿಯಲ್ಲಿ ಕೂತ. ಕೂತವನು ಅದರ ತೋಳನ್ನು ಸವರಿದ, ಬೆನ್ನಿನ ತಿರುವನ್ನು ಸವರಿದ.

"ಹೋದ ವರ್ಷ ನಮ್ಮಮ್ಮ ಹೋದ್ರು. ಮೂರನೇ ದಿನಕ್ಕೆ ನಾನು ಕೆಲಸಕ್ಕೆ ಬಂದೆ. ಇಡೀ ಥಿಯೇಟರಲ್ಲಿ ಒಬ್ರೂ ಏನಾಯ್ತು ಅಂತ ಕೇಳ್ಲಿಲ್ಲ. ಟಿಕೆಟ್ ಎಷ್ಟು ಹೋಯ್ತು ಅಂತ ಕೇಳಿದ್ರು. ಅದಕ್ಕೇ ಬಂದೆ. ಕುರ್ಚಿ ಬಗ್ಗೆ ತಲೆ ಕೆಡಿಸ್ಕೋಬೇಡಿ ಅಂತ ಹೇಳಿ. ಒಂದು ತಿಂಗಳು ಹೆಚ್ಚಿಗೆ ತಗೊಳ್ಳಲಿ, ನಾನು ಹೇಗೋ ನೋಡ್ಕೋತೀನಿ."

ಹೂವನ್ನು ಅಮ್ಮನ ಮಡಿಲಲ್ಲಿಟ್ಟು, ಅವಳ ಮೊಳೆ ಹಿಡಿದ ಕೈಯನ್ನು ಎರಡೂ ಕೈಯಲ್ಲಿ ಒಮ್ಮೆ ಹಿಡಿದು, ಹೊರಟುಹೋದ.

ನಾಳೆಪ್ಪ ಮೊಳೆಗಳನ್ನು ಅಂಗೈಗೆ ಉಗುಳಿ ಎದ್ದು ಬಂದ. ಮೊದಲು ಫೋನೆತ್ತಿ ಅಶರೀರವಾಣಿಗೆ, "ನಮ್ಮಮ್ಮನ್ನ ಸಾಯ್ಸೋಕೆ ನಿಮಗೆ ಯಾರು ಹೇಳಿದ್ರು?" ಎಂದು ಅಬ್ಬರಿಸಿದ.

"ನೀವೇ ಸರ್. ಶನಿವಾರ, ಮೂರು ಗಂಟೆ ನಾಲ್ಕು ನಿಮಿಷ. ಹೆಬ್ಬೆರಳು."

"ನಮ್ಮಮ್ಮ ಬದುಕಿದ್ದಾರೆ ಕಣ್ರೀ!"

ಮೊದಲ ಸಲ ಆ ದನಿಯ ಇಸ್ತ್ರಿ ಮುದುರಿತ್ತು. "ಸರ್, ನಾನು ನಿಮ್ಮ ಮನೆ ನೋಡಿಲ್ಲ. ಪಟ್ಟಿಯಲ್ಲಿರೋರಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ನೀವು ಎಲ್ಲರ ಬಗ್ಗೆಯೂ ಒಂದೇ ಥರ ಹೇಳ್ತೀರ."

ಅವನು ಫೋನಿಟ್ಟ. ಆದರೆ ಮನುಷ್ಯನ ಸ್ವಭಾವ ನೋಡಿ, ಅರ್ಧ ನಿಮಿಷದಲ್ಲಿ ಮುಖ ಅರಳಿತು. ಒಂದು ತಿಂಗಳು! ಇನ್ನೂರ ಹನ್ನೆರಡು ಕುರ್ಚಿಯೂ ಉಳಿಯಿತು, ಕಾರ್ಖಾನೆಯೂ ಉಳಿಯಿತು. ಅಜ್ಜನ ಬೆನ್ನಿಗೊಂದು ಗುದ್ದಿದ. ಅಮ್ಮನ ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಅಮ್ಮಾ, ನೀನು ನಾಟಕದಲ್ಲಿ ಇರ್ಬೇಕಿತ್ತು! ಕುರ್ಚಿ ಮುಗಿಯೋ ತನಕ ಅವರು ಬಂದಾಗ ನೀನು ಚಿಕ್ಕಮ್ಮ, ಆಯ್ತಾ?"

"ಅದಕ್ಕೇನು, ಆಗ್ತೀನಿ. ಸತ್ತೇ ಇರ್ತೀನಿ ಬೇಕಾದ್ರೆ" ಎಂದಳು ಅಮ್ಮ. ಅವಳು ಹೂವಿನ ಒಂದೊಂದೇ ಎಸಳನ್ನು ಮುಟ್ಟಿ ನೋಡುತ್ತಿದ್ದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಒಂದೇ ಒಂದು ಕೇಳ್ತೀನಿ. ನಾನು ನಿಜವಾಗ್ಲೂ ಹೋದ ದಿನ ಏನು ಹೇಳ್ತೀಯಾ?"

"ಅಂಥ ಮಾತು ಯಾಕಮ್ಮ ಈಗ..."

"ಈಗಲ್ದೆ ಯಾವಾಗ? ನನಗೇನು ಹದಿನೆಂಟಾ? ಅವತ್ತು ನೀನು ಫೋನ್ ಮಾಡಿ, ಅಮ್ಮ ಹೋದ್ಲು ಅಂತೀಯಾ. ಈ ಊರಲ್ಲಿ ಒಂದು ನರಪಿಳ್ಳೆ ನಂಬತ್ತಾ? 'ಯಾವ ಸೋಫಾ ತಡ ಆಯ್ತಪ್ಪಾ' ಅಂತಾರೆ. ಈ ಪುಣ್ಯಾತ್ಮ ಒಬ್ಬ ಬರ್ತಿದ್ದ. ಅವನು ಬಂದು ಹೋಗಿಯೂ ಆಯ್ತು. ನನ್ನ ಸಾವನ್ನ ನೀನು ಏಳು ಕುರ್ಚಿಗೆ ಖರ್ಚು ಮಾಡ್ಬಿಟ್ಯಲ್ಲೋ ಮಗನೇ."

ಹೊಲಿಗೆಯಜ್ಜನ ಯಂತ್ರ ನಿಂತಿತ್ತು. ದೊಡ್ಡಪ್ಪ, ಚಿಕ್ಕಪ್ಪ, ಮಾವ, ಯಾರನ್ನು ಕಳಿಸಿದಾಗಲೂ ನಾಳೆಪ್ಪನಿಗೆ ಏನೂ ಅನಿಸಿರಲಿಲ್ಲ. ಈಗ ಖಾಲಿ ಕಾರ್ಖಾನೆ ಕಣ್ಣ ಮುಂದೆ ಬಂತು. ಅಮ್ಮ ಇಲ್ಲ, ಅವನು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದಾನೆ, ಒಬ್ಬೊಬ್ಬರೂ ನಗುತ್ತಿದ್ದಾರೆ. ಅವನು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದ.

ಮ್ಯಾನೇಜರು ಮೂಲೆಯಲ್ಲಿ ರಸ್ತೆ ದಾಟಲು ಕಾಯುತ್ತಿದ್ದ.

"ಸರ್! ನಮ್ಮಮ್ಮ ಸತ್ತಿಲ್ಲ."

"ಏನಂದ್ರಿ?"

"ಇದ್ದಾರೆ. ನೀವು ಹೂ ಕೊಟ್ರಲ್ಲ, ಅವರೇ ನಮ್ಮಮ್ಮ. ಸುಳ್ಳು ಹೇಳಿದೆ ಸರ್." ಒಮ್ಮೆ ಬಾಯಿ ಬಿಟ್ಟಿತಲ್ಲ, ಮುಚ್ಚಲು ಬರಲಿಲ್ಲ. "ಚಿಕ್ಕಪ್ಪನೂ ಇದ್ದಾರೆ, ದಿನಾ ಈಜೋಕೆ ಹೋಗ್ತಾರೆ. ಅತ್ತೆ ಇದ್ದಾರೆ. ಸೋದರಮಾವ ಒಬ್ರು ನಿಜವಾಗ್ಲೂ ಇಲ್ಲ ಸರ್, ಆದ್ರೆ ಅವರು ಹೋಗಿದ್ದು ಹದಿನಾರು ವರ್ಷದ ಹಿಂದೆ."

ಸಿಗ್ನಲ್ಲು ಹಸಿರಾಯಿತು, ಜನ ದಾಟಿದರು, ಮತ್ತೆ ಕೆಂಪಾಯಿತು. ಮ್ಯಾನೇಜರು ಅವನ ಬರಿಗಾಲನ್ನು ನೋಡುತ್ತಿದ್ದ.

"ಎಷ್ಟು ಕುರ್ಚಿ ಆಗಿದೆ?"

"ಏಳು."

"ಯಾಕೆ?"

"ಬೆನ್ನಿನ ತಿರುವಲ್ಲಿ ಹೊಲಿಗೆ ಓರೆ ಇತ್ತು. ಇನ್ನೇಳು ಬಿಚ್ಚಿ ಮತ್ತೆ ಹಾಕ್ತಿದ್ದೀನಿ."

"ಇಷ್ಟು ಹೇಳಿದ್ರೆ ಆಗ್ತಿತ್ತಲ್ರೀ" ಎಂದ ಮ್ಯಾನೇಜರು. ಅವನ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಾಗಿತ್ತು. "ನಾನು ಕಾಯ್ತೀನಿ ಅಂದಿರ್ಲಿಲ್ವಾ?"

ಏನು ಅನಿಸಿತೋ, ಅವನು ತಿರುಗಿ ಕಾರ್ಖಾನೆಯತ್ತ ನಡೆದ. ನಾಳೆಪ್ಪ ಹಿಂದೆ ಹಿಂದೆ ಬಂದ. ಅಮ್ಮ ಹೂವನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಇಕ್ಕಳ ಹಿಡಿದಿದ್ದಳು.

"ನೀವೇನಾ?" ಎಂದು ಮ್ಯಾನೇಜರು ಕೇಳಿದ.

"ನಾನೇ."

"ಆರೋಗ್ಯವಾಗಿದ್ದೀರಾ?"

"ಮಂಡಿ ಒಂದು ಬಿಟ್ರೆ. ಹೂ ಮಾತ್ರ ವಾಪಸ್ ಕೊಡಲ್ಲ. ನನಗೆ ಅಂತಲೇ ತಂದಿದ್ದು."

ಮ್ಯಾನೇಜರ ತುಟಿ ಅಲುಗಿತು, ನಗುವಿನ ತನಕ ಹೋಗಲಿಲ್ಲ. ನಾಳೆಪ್ಪನ ಕಡೆ ತಿರುಗಿದ. "ನಾಳೆ ಲಾರಿ ಕಳಿಸ್ತೀನಿ. ಆಗಿರೋ ಏಳು, ಆಗದೇ ಇರೋವು, ಎಲ್ಲ ಕಳಿಸಿಬಿಡಿ. ಹೇಳಿದ್ದೆ ನಾನು. ಮಾತು ಅಂದ್ರೆ ಮಾತು."

"ಸರಿ ಸರ್" ಎಂದ ನಾಳೆಪ್ಪ. ಒಂದು ನೆಪ ಕೂಡ ಬಾಯಿಗೆ ಬರಲಿಲ್ಲ. ಮೂವತ್ತು ವರ್ಷದ ಕಸುಬು ಎರಡು ಪದದಲ್ಲಿ ಮುಗಿಯಿತು.

ಮ್ಯಾನೇಜರು ಬಾಗಿಲು ದಾಟಿ ನಿಂತ. ಬೆನ್ನು ಹಾಕಿಕೊಂಡೇ ಹೇಳಿದ.

"ಮುಂದೆ ಯಾವತ್ತೋ ಒಂದು ದಿನ, ಇವರಿಗೆ ಆ ದಿನ ಬಂದಾಗ, ನನಗೆ ಒಂದು ಫೋನ್ ಮಾಡಿ. ನಾನು ನಂಬ್ತೀನಿ. ಬರ್ತೀನಿ."

ಅವನು ಹೋದ ಮೇಲೆ ಹೊಲಿಗೆಯಜ್ಜ ಮೂಗೊರೆಸಿಕೊಂಡು ಯಂತ್ರಕ್ಕೆ ಬಟ್ಟೆ ಮುಚ್ಚಿದ. ಫೋನು ಹೊಡೆದುಕೊಂಡಿತು. ಅಶರೀರವಾಣಿ.

"ಸರ್, ಥಿಯೇಟರಿನವರಿಗೆ ಏನಂತ ಬರೀಲಿ?"

"ಏನೂ ಬೇಡಮ್ಮ. ನಾನೇ ಹೇಳಿದೆ."

"ಏನು ಹೇಳಿದ್ರಿ ಸರ್?"

"ಇದ್ದದ್ದು ಇದ್ದ ಹಾಗೆ."

"ಒಳ್ಳೇದು ಸರ್. ಅಮ್ಮನ್ನ ಕೇಳ್ದೆ ಅಂತ ಹೇಳಿ."

ಫೋನಿಟ್ಟು ನಾಳೆಪ್ಪ ಅಮ್ಮನ ಸ್ಟೂಲಿನ ಪಕ್ಕ, ಕಿತ್ತ ಮೊಳೆಗಳ ಮಧ್ಯೆಯೇ ಕೂತುಬಿಟ್ಟ. ಐವತ್ತೆರಡು ವರ್ಷದ ಗಂಡಸು ಚಿಕ್ಕ ಹುಡುಗನ ಹಾಗೆ ಅಳತೊಡಗಿದ.

"ಯಾಕೋ ಅಳ್ತೀಯಾ? ಕುರ್ಚಿ ಹೋದ್ವು ಅಂತಾನಾ?"

"ಅಲ್ಲಮ್ಮ."

"ಮತ್ತೆ?"

"ನೀನು ಇದ್ದೀಯಲ್ಲ ಅಂತ."

ಅಮ್ಮ ಅವನ ತಲೆಗೂದಲಲ್ಲಿ ಸಿಕ್ಕಿದ್ದ ಹತ್ತಿಯ ಎಳೆ ತೆಗೆದಳು. ಅವಳ ಕಣ್ಣೂ ತುಂಬಿತ್ತು, ಬಾಯಿ ಮಾತ್ರ ಸುಮ್ಮನಿರುವ ಜಾತಿಯದಲ್ಲ.

"ಇರ್ತೀನಿ ಬಿಡು, ಎಲ್ಲಿಗೆ ಹೋಗ್ಲಿ. ಈಗ ಎದ್ದು ಮುಖ ತೊಳ್ಕೋ. ನಿನ್ನ ಭಾವಮೈದನ ಶೋರೂಮಿಗೆ ದಿನಾ ಹೊತ್ತಿಗೆ ಸರಿಯಾಗಿ ಹೋಗು. ತಡವಾದ್ರೆ ಸಾಯ್ಸೋಕೆ ನಿನ್ನ ಹತ್ರ ಇನ್ನು ಯಾರೂ ಇಲ್ಲ. ನಾನೊಬ್ಳು ಉಳಿದಿದ್ದೀನಿ, ನನ್ನ ತಂಟೆಗೆ ಬಂದ್ಯೋ, ಜೋಕೆ!"